ಇಟ್ಟಿಗೆ ಗಾತ್ರದ ಮೇಷ್ಟ್ರು: ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ

"ಸರ್, ಪ್ಲೀಸ್ ಎಕ್ಸ್‌ಪ್ಲೇನ್ ಮಿ ದಿಸ್ ಪೊಯಮ್."

ಡಿಗ್ರಿ ಮೊದಲ ವರ್ಷದ ಕ್ಲಾಸಿನಲ್ಲಿ ಈ ವಾಕ್ಯ ವಾರಕ್ಕೆ ನಾಲ್ಕು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ. ಕೇಳುವ ಹುಡುಗನನ್ನು ಬೈಯೋಕೆ ಮನಸ್ಸು ಬರಲ್ಲ. ಕನ್ನಡದಲ್ಲಿ 'ನನಗೆ ವಿವರಿಸಿ' ಅಂತೀವಿ, ಅವನು ಅದನ್ನೇ ಎತ್ತಿ ಇಂಗ್ಲಿಷಿನಲ್ಲಿ ಇಟ್ಟಿದ್ದಾನೆ. ಅವನ ಬ್ಯಾಗಿನಲ್ಲಿ ಇಂಗ್ಲಿಷ್-ಕನ್ನಡ ಡಿಕ್ಷನರಿ ಇದೆ, ಫೋನಿನಲ್ಲಿ ಇನ್ನೊಂದಿದೆ. ಎಕ್ಸ್‌ಪ್ಲೇನ್ ಅಂದರೆ 'ವಿವರಿಸು' ಅಂತ ಎರಡೂ ಸರಿಯಾಗೇ ಹೇಳಿವೆ. ಅರ್ಥ ಗೊತ್ತಾದ ಮೇಲೂ ವಾಕ್ಯ ಕೆಟ್ಟಿತು, ಅಲ್ವಾ?

ಇಂಥ ಹುಡುಗರ ಮುಂದೆ ನಾನು ತೆಗೆದಿಡುವುದು ಆಕ್ಸ್‌ಫರ್ಡಿನ ಈ ದಪ್ಪ ಡಿಕ್ಷನರಿ. ಇದರಲ್ಲಿ 'ಎಕ್ಸ್‌ಪ್ಲೇನ್' ಹುಡುಕಿದರೆ, ಏನನ್ನು ವಿವರಿಸುತ್ತೇವೋ ಅದು ಮೊದಲು, ಯಾರಿಗೆ ಅನ್ನುವುದು 'ಟು' ಹಿಡಿದುಕೊಂಡು ಆಮೇಲೆ ಅಂತ ಉದಾಹರಣೆ ಸಮೇತ ಸಿಗುತ್ತದೆ. 'ಎಕ್ಸ್‌ಪ್ಲೇನ್ ಮಿ' ಅನ್ನಬಾರದು ಅಂತ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 'ಡಿಸ್ಕಸ್' ಹತ್ತಿರ ಹೋದರೆ 'ಡಿಸ್ಕಸ್ ಅಬೌಟ್' ಬೇಡ ಅಂತ ಇನ್ನೊಂದು ಎಚ್ಚರಿಕೆ. ನಮ್ಮ ಸ್ಟಾಫ್ ಮೀಟಿಂಗ್ ನೋಟಿಸಿನಲ್ಲೇ ಆ 'ಅಬೌಟ್' ಇರುತ್ತದೆ, ಆ ಮಾತು ಬಿಡಿ.

ನಾವು ಎಲ್ಲಿ ಎಡವುತ್ತೇವೆ ಅಂತ ಇವರಿಗೆ ಹೇಗೆ ಗೊತ್ತು ಅಂತ ನನಗೂ ಮೊದಲು ಆಶ್ಚರ್ಯವಾಗುತ್ತಿತ್ತು. ಇದನ್ನು ಶುರು ಮಾಡಿದ ಎ.ಎಸ್. ಹಾರ್ನ್‌ಬಿ ನಮ್ಮ ನಿಮ್ಮ ಥರ ಪಾಠ ಮಾಡುವ ಮೇಷ್ಟ್ರು. 1920ರ ದಶಕದಲ್ಲಿ ಇಂಗ್ಲಿಷ್ ಕಲಿಸೋಕೆ ಅಂತ ಜಪಾನಿಗೆ ಹೋದವರು. ಜಪಾನಿ ಭಾಷೆಯಲ್ಲೂ ಕನ್ನಡದ ಹಾಗೇ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಇಂಗ್ಲಿಷಿನ 'ಎ', 'ದ' ಥರದ್ದು ಅಲ್ಲೂ ಇಲ್ಲ. ಅಂದರೆ ಅವರ ಕ್ಲಾಸಿನ ಮಕ್ಕಳು ಮಾಡಿದ ತಪ್ಪುಗಳಲ್ಲಿ ಎಷ್ಟೋ ನಮ್ಮ ಮಕ್ಕಳೂ ಮಾಡುವ ತಪ್ಪುಗಳೇ ಆಗಿರಬೇಕು. ಅವರೂ ಗೇಟನ್‌ಬಿ, ವೇಕ್‌ಫೀಲ್ಡ್ ಅನ್ನುವ ಇನ್ನಿಬ್ಬರೂ ಸೇರಿ ಮಾಡಿದ ಡಿಕ್ಷನರಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಆಗ ಬ್ರಿಟನ್‌ಗೂ ಜಪಾನಿಗೂ ಯುದ್ಧ ನಡೆಯುತ್ತಿತ್ತು! 1948ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅದನ್ನು ತನ್ನ ಹೆಸರಲ್ಲಿ ತಂದಿತು. ಹತ್ತನೇ ಆವೃತ್ತಿ ಬಂದದ್ದು 2020ರಲ್ಲಿ.

ಒಳಗೆ ಏನಿದೆ ಅಂದರೆ, ಮೊದಲನೆಯದಾಗಿ ಅರ್ಥ ಹೇಳುವ ಇಂಗ್ಲಿಷ್ ಸುಲಭವಾಗಿದೆ. ಸುಮಾರು 3000 ಸಾಮಾನ್ಯ ಪದಗಳ ಒಳಗೇ ಆದಷ್ಟು ಎಲ್ಲವನ್ನೂ ವಿವರಿಸುತ್ತಾರೆ, ಆದ್ದರಿಂದ ಒಂದು ಪದ ನೋಡೋಕೆ ಹೋಗಿ ಇನ್ನು ನಾಲ್ಕು ಪದ ಹುಡುಕುವ ಗೋಳು ಕಡಿಮೆ. ಎರಡನೆಯದು, ನಾಮಪದದ ಪಕ್ಕದ ಪುಟ್ಟ ಕಂಸದಲ್ಲಿ 'ಸಿ' ಅಥವಾ 'ಯು' ಅನ್ನುವ ಅಕ್ಷರ. 'ಸಿ' ಇದ್ದರೆ ಎಣಿಸಬಹುದು, 'ಯು' ಇದ್ದರೆ ಎಣಿಸುವ ಹಾಗಿಲ್ಲ. ಫರ್ನಿಚರ್ಸ್, ಇನ್ಫರ್ಮೇಷನ್ಸ್, ಹೋಮ್‌ವರ್ಕ್ಸ್ ಅಂತ ಬರೆಯುವವರು ಈ ಒಂದು ಅಕ್ಷರ ನೋಡಿಕೊಂಡರೆ ಉತ್ತರಪತ್ರಿಕೆಯಲ್ಲಿ ನನ್ನ ಕೆಂಪು ಶಾಯಿ ಅರ್ಧ ಉಳಿಯುತ್ತದೆ.

ಉಚ್ಚಾರಣೆಗೆ ಕೊಟ್ಟ ಗುರುತುಗಳನ್ನು ಕಂಡರೆ ಹುಡುಗರು ಹೆದರುತ್ತಾರೆ. ಅದರಲ್ಲಿ ಮೇಲ್ಗಡೆ ಇರುವ ಸಣ್ಣ ಗೆರೆ ಒಂದನ್ನು ಮಾತ್ರ ನೋಡಿ ಅಂತೀನಿ. ಆ ಗೆರೆಯ ಮುಂದಿನ ಭಾಗವನ್ನು ಒತ್ತಿ ಹೇಳಬೇಕು, ಅಷ್ಟೇ. 'ಫೋಟೋಗ್ರಾಫ್' ಅನ್ನುವಾಗ ಒತ್ತು ಮೊದಲ ತುಂಡಿಗೆ, 'ಫೊಟಾಗ್ರಫಿ' ಅನ್ನುವಾಗ ಎರಡನೆಯದಕ್ಕೆ. ಕನ್ನಡದಲ್ಲಿ ಒತ್ತು ಎಲ್ಲಿ ಬಿದ್ದರೂ ಅರ್ಥಕ್ಕೇನೂ ಆಗಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಹಿಡಿಯುವುದೇ ಇಲ್ಲ. ವೆಬ್‌ಸೈಟಿನಲ್ಲಿ ಸ್ಪೀಕರ್ ಗುರುತು ಒತ್ತಿದರೆ ಬ್ರಿಟಿಷ್, ಅಮೆರಿಕನ್ ಎರಡೂ ಬಗೆಯಲ್ಲಿ ಹೇಳಿ ಕೇಳಿಸುತ್ತದೆ.

ಆದರೆ ನನ್ನ ಪ್ರಕಾರ ಇದರ ನಿಜವಾದ ಬೆಲೆ ಗೊತ್ತಾಗುವುದು ಬರೆಯೋಕೆ ಕೂತಾಗ. ಹೋದ ವರ್ಷ ಕ್ರಿಯೇಟಿವ್ ರೈಟಿಂಗ್ ಪಾಠದಲ್ಲಿ ಒಬ್ಬ ಹುಡುಗಿ ಅಜ್ಜಿಯ ಮೇಲೆ ಒಂದು ಪುಟದ ಕಥೆ ಬರೆದು ತಂದಳು. ಅಜ್ಜಿ 'ಡಿಡ್' ರೊಟ್ಟಿ, ಅಜ್ಜಿ 'ಡಿಡ್' ಎ ಮಿಸ್ಟೇಕ್, ಅಜ್ಜಿ 'ಡಿಡ್' ಎ ಫೋನ್ ಕಾಲ್. ನಗಬೇಡಿ. ಕನ್ನಡದಲ್ಲಿ ರೊಟ್ಟಿ ಮಾಡು, ತಪ್ಪು ಮಾಡು, ಫೋನ್ ಮಾಡು, ಸ್ನಾನ ಮಾಡು, ನಿದ್ದೆ ಮಾಡು, ಎಲ್ಲಕ್ಕೂ ಒಂದೇ 'ಮಾಡು' ಸಾಕು. ಇಂಗ್ಲಿಷ್ ಪ್ರತಿಯೊಂದಕ್ಕೂ ಬೇರೆ ಬೇರೆ ಜೊತೆ ಕಟ್ಟಿಕೊಂಡು ಕೂತಿದೆ. 'ಡು' ಅಥವಾ 'ಮೇಕ್' ತೆಗೆದು ನೋಡಿದರೆ ಪುಟಗಟ್ಟಲೆ ಇದೆ, ತಲೆ ಕೆಡುತ್ತದೆ. ನಾನು ಅವಳಿಗೆ ಹೇಳಿದ್ದು ಇಷ್ಟೇ: ಕ್ರಿಯಾಪದ ಹುಡುಕಬೇಡಮ್ಮ, ಅದರ ಜೊತೆಗಿರುವ ನಾಮಪದ ಹುಡುಕು. 'ಮಿಸ್ಟೇಕ್' ತೆಗೆದಳು, ಅಲ್ಲೇ ದಪ್ಪ ಅಕ್ಷರದಲ್ಲಿ 'ಮೇಕ್ ಎ ಮಿಸ್ಟೇಕ್' ಇತ್ತು. 'ಬಾತ್' ತೆಗೆದಳು, ಅಲ್ಲಿ 'ಹ್ಯಾವ್', 'ಟೇಕ್' ಎರಡೂ ಇತ್ತು. ಹತ್ತು ನಿಮಿಷದಲ್ಲಿ ಇಡೀ ಪುಟ ಅವಳೇ ತಿದ್ದಿಕೊಂಡಳು. ಹೋಟೆಲಿನಲ್ಲಿ ಎಲ್ಲರೂ 'ಸ್ಟ್ರಾಂಗ್ ಕಾಫಿ' ಅಂತಲೇ ಕೇಳುತ್ತಾರೆ, ಯಾರೂ 'ಪವರ್‌ಫುಲ್ ಕಾಫಿ' ಅನ್ನಲ್ಲ. ಅದನ್ನು ನಮಗೆ ಯಾವ ಗ್ರಾಮರ್ ಪುಸ್ತಕವೂ ಕಲಿಸಲಿಲ್ಲ, ಕೇಳಿ ಕೇಳಿ ಬಂತು. ಮನೆಯಲ್ಲಿ, ಬೀದಿಯಲ್ಲಿ ಹಾಗೆ ಕೇಳೋಕೆ ಇಂಗ್ಲಿಷೇ ಇಲ್ಲದ ಮಕ್ಕಳಿಗೆ ಈ ಪುಸ್ತಕದ ಉದಾಹರಣೆ ವಾಕ್ಯಗಳು ಆ ಕೆಲಸ ಮಾಡುತ್ತವೆ.

ಅದೇ ಕಥೆಯಲ್ಲಿ 'ರೇನ್ ಕೇಮ್' ಅಂತ ಒಂದು ವಾಕ್ಯ ಇತ್ತು. ಡಿಕ್ಷನರಿ ನೋಡಿ ಅದನ್ನೂ 'ಇಟ್ ರೇನ್ಡ್' ಅಂತ ಮಾಡೋಕೆ ಹೊರಟಿದ್ದಳು. ಬೇಡ, ಅದು ಹಾಗೇ ಇರಲಿ ಅಂದೆ. ಅಜ್ಜಿ ಅಂಗಳಕ್ಕೆ ಓಡುವ ಹೊತ್ತಿಗೆ ಆ 'ಬಂತು' ಚೆನ್ನಾಗಿತ್ತು.

ಇನ್ನು ಇಂಗ್ಲಿಷ್ ಸಾಹಿತ್ಯದ ಹುಡುಗರಿಗೆ ಒಂದು ಕಿವಿಮಾತು. ಹಳೆಯ ಪದ್ಯ ಓದೋಕೆ ಇದನ್ನು ಹಿಡಿದುಕೊಂಡು ಕೂರಬೇಡಿ. 17ನೇ ಶತಮಾನದ ಆಂಡ್ರ್ಯೂ ಮಾರ್ವೆಲ್ ಒಂದು ಪ್ರೇಮ ಪದ್ಯದಲ್ಲಿ 'ವೆಜಿಟಬಲ್ ಲವ್' ಅಂತಾನೆ. ನಮ್ಮ ಕ್ಲಾಸಿನ ಒಬ್ಬ ಶ್ರದ್ಧೆಯಿಂದ ಡಿಕ್ಷನರಿ ತಿರುವಿ, ತರಕಾರಿ ಅಂತ ಗುರುತು ಹಾಕಿಕೊಂಡು, ಆಲೂಗಡ್ಡೆ ಬೆಳೆದ ಹಾಗೆ ಪ್ರೀತಿ ಬೆಳೆಯುತ್ತದೆ ಅಂತ ಉತ್ತರ ಬರೆದಿದ್ದ. ಅಲ್ಲಿ ಆ ಪದಕ್ಕೆ ಗಿಡಮರಗಳ ಹಾಗೆ ನಿಧಾನಕ್ಕೆ, ತನ್ನ ಪಾಡಿಗೆ ಬೆಳೆಯುವಂಥದ್ದು ಅನ್ನುವ ಹಳೆಯ ಅರ್ಥ. (ಹುಡುಗ ಪೂರ್ತಿ ತಪ್ಪಿಲ್ಲ ನೋಡಿ, ಒಂದು ಮಾರ್ಕ್ಸ್ ಕೊಟ್ಟೆ.) ಷೇಕ್ಸ್‌ಪಿಯರ್ ನಾಟಕದಲ್ಲಿ 'ಪ್ರೆಸೆಂಟ್ಲಿ' ಅಂದರೆ ಸಾಮಾನ್ಯವಾಗಿ 'ಈಗಿಂದೀಗಲೇ', ಇವತ್ತಿನ ಇಂಗ್ಲಿಷಿನಲ್ಲಿ 'ಸ್ವಲ್ಪ ಹೊತ್ತಿಗೆ' ಅಥವಾ 'ಸದ್ಯಕ್ಕೆ'. ಲರ್ನರ್ಸ್ ಡಿಕ್ಷನರಿ ಇರುವುದೇ ಇವತ್ತಿನ ಭಾಷೆಗೆ. ಅಂಥ ಹಳೆಯ ಅರ್ಥ ಬೇಕಾದರೆ ಯೂನಿವರ್ಸಿಟಿ ಲೈಬ್ರರಿಗೆ ಹೋಗಿ, 1884ರಿಂದ ಕಂತು ಕಂತಾಗಿ ಬಂದು 1928ರಲ್ಲಿ ಮುಗಿದ ಆ ದೊಡ್ಡ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯನ್ನೇ ನೋಡಬೇಕು. ಒಂದು ಪದದ ಅರ್ಥ ಕಾಲಕಾಲಕ್ಕೆ ಹೇಗೆ ತಿರುಗಿತು ಅನ್ನುವುದು ಅದರಲ್ಲಿದೆ.

ಕನ್ನಡ ಅರ್ಥ ಇದರಲ್ಲಿ ಇಲ್ಲ. ಮರ, ಮೀನು, ಕಾಳು ಇಂಥವಕ್ಕೆ ಇಂಗ್ಲಿಷಿನಲ್ಲಿ ಎರಡು ಸಾಲು ಓದುವುದಕ್ಕಿಂತ ಒಂದು ಕನ್ನಡ ಪದ ಸಿಕ್ಕಿದರೆ ಕೆಲಸ ಮುಗಿಯುತ್ತದೆ, ಅದಕ್ಕೆ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು ಪಕ್ಕದಲ್ಲಿರಲಿ. ಹಾಗಂತ ನಮ್ಮ ಕಡೆಯ ಇಂಗ್ಲಿಷನ್ನು ಇವರು ಬಿಟ್ಟಿಲ್ಲ. 'ಪ್ರಿಪೋನ್' (ಗೊತ್ತುಮಾಡಿದ ಹೊತ್ತಿಗಿಂತ ಮುಂಚೆಯೇ ಇಟ್ಟುಕೊಳ್ಳುವುದು) ಇದೆ, ಇಂಡಿಯನ್ ಇಂಗ್ಲಿಷ್ ಅಂತ ಗುರುತು ಹಾಕಿ ಇಟ್ಟಿದ್ದಾರೆ. ಅದು ತಪ್ಪು ಅಂತ ನಮ್ಮ ಸೀನಿಯರ್ ಒಬ್ಬರು ನನ್ನ ಜೊತೆ ಒಂದು ಇಡೀ ಟೀ ಬ್ರೇಕ್ ವಾದ ಮಾಡಿದ್ದರು, ಪುಟ ತೆಗೆದು ತೋರಿಸಿದ ಮೇಲೆ ಟೀ ದುಡ್ಡು ಅವರೇ ಕೊಟ್ಟರು.

ಕೊಳ್ಳುವ ವಿಚಾರ. ದುಡ್ಡಿಲ್ಲ ಅಂದರೆ ವೆಬ್‌ಸೈಟ್ ಪುಕ್ಕಟೆ, ಸುಮ್ನೆ ಅದನ್ನೇ ಬಳಸಿ. ಆದರೂ ಪುಸ್ತಕದಲ್ಲಿ ಒಂದು ಪದ ಹುಡುಕೋಕೆ ಹೋದಾಗ ಅಕ್ಕಪಕ್ಕದ ಮೂರು ಪದ ಕಣ್ಣಿಗೆ ಬೀಳುತ್ತವಲ್ಲ, ಆ ಲಾಭ ಫೋನಿನಲ್ಲಿ ಇಲ್ಲ. ಸೆಕೆಂಡ್ ಹ್ಯಾಂಡ್ ಎಂಟನೇ, ಒಂಬತ್ತನೇ ಆವೃತ್ತಿ ಸಿಕ್ಕರೂ ಬಿ.ಎ., ಎಂ.ಎ.ಗೆ ಧಾರಾಳವಾಗಿ ಸಾಕು. ಫುಟ್‌ಪಾತಿನಲ್ಲಿ ಅರ್ಧ ರೇಟಿಗೆ ಫಳಫಳ ಹೊಳೆಯುವ ಹೊಸದು ಕಂಡರೆ ಮಾತ್ರ ಹುಷಾರು. ನಾನು ಬಿ.ಎ. ಓದುವಾಗ ಹಾಗೊಂದು ತಂದಿದ್ದೆ, ಕಳ್ಳ ಅಚ್ಚು. ಪರೀಕ್ಷೆ ಹಿಂದಿನ ರಾತ್ರಿ 'ನಾವೆಲ್' ಹುಡುಕೋಕೆ ಹೋದರೆ 'ಎಮ್' ಅಕ್ಷರ ಎರಡು ಸಲ ಬಂದು, 'ಎನ್' ಬರಲೇ ಇಲ್ಲ, ನೇರ 'ಓ'.