ವೀಸಾ ತಾರೀಖು ನೋಡಿ ನಿಶ್ಚಿಂತೆಯಾಗಿರಬೇಡಿ, ಐ-94 ನೋಡಿ

ಅಮೆರಿಕದಲ್ಲಿ ಎಚ್-1ಬಿ (ಕೆಲಸದ ವೀಸಾ), ಎಚ್-4 (ಎಚ್-1ಬಿಯವರ ಗಂಡ, ಹೆಂಡತಿ, ಮಕ್ಕಳ ವೀಸಾ) ಮೇಲೆ ಇರುವವರು, ಹೊಸದಾಗಿ ಹೊರಟವರು, ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು, ದಯವಿಟ್ಟು ಇದನ್ನು ಪೂರ್ತಿ ಓದಿ.

ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾದ ತಾರೀಖು ನೀವು ಅಲ್ಲಿ ಎಷ್ಟು ದಿನ ಇರಬಹುದು ಅಂತ ಹೇಳುವುದಿಲ್ಲ. ಆ ತಾರೀಖಿನೊಳಗೆ ಬಂದು ಒಳಗೆ ಬಿಡಿ ಎಂದು ಕೇಳಬಹುದು, ಅಷ್ಟೇ. ಎಷ್ಟು ದಿನ ಎನ್ನುವುದನ್ನು ಬಂದಿಳಿದ ದಿನ ಅಲ್ಲಿನ ಅಧಿಕಾರಿ ತೀರ್ಮಾನಿಸುತ್ತಾರೆ. ಅದು ದಾಖಲಾಗುವುದು ಐ-94 ಎಂಬ ಪ್ರವೇಶ ದಾಖಲೆಯಲ್ಲಿ.

ನಾನು ಎಚ್-4 ಮೇಲೆ ಇದ್ದೆ, ನಮ್ಮ ಮನೆಯವರದು ಎಚ್-1ಬಿ. ಇಬ್ಬರ ವೀಸಾ ಸ್ಟಾಂಪೂ 2024ರ ಸೆಪ್ಟೆಂಬರ್‌ವರೆಗೆ ಇತ್ತು. ನನ್ನ ಪಾಸ್‌ಪೋರ್ಟ್ ಮಾತ್ರ 2023ರ ಮಾರ್ಚ್‌ನಲ್ಲಿ ಮುಗಿಯುವುದಿತ್ತು. ಊರಿಗೆ ಹೋಗಿ ವಾಪಸ್ ಬಂದಾಗ ಅಧಿಕಾರಿ ಅವರಿಗೆ 2024ರವರೆಗೆ ಕೊಟ್ಟು, ನನಗೆ ಪಾಸ್‌ಪೋರ್ಟ್ ಮುಗಿಯುವ ದಿನದವರೆಗೆ ಮಾತ್ರ ಕೊಟ್ಟಿದ್ದರು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಮೊದಲೆಲ್ಲ ಪಾಸ್‌ಪೋರ್ಟಿಗೆ ಪಿನ್ ಮಾಡಿ ಐ-94 ಚೀಟಿ ಕೊಡುತ್ತಿದ್ದರು. 2013ರಿಂದ ವಿಮಾನದಲ್ಲಿ ಬರುವವರಿಗೆ ಅದೆಲ್ಲ ಆನ್‌ಲೈನ್ ಆಗಿದೆ. ಹಾಗಾಗಿ ಕೈಗೆ ಯಾವ ಕಾಗದವೂ ಬರಲಿಲ್ಲ.

ಪಾಸ್‌ಪೋರ್ಟ್ ಹೊಸದು ಮಾಡಿಸಿದ ಮೇಲೆ, ನಮ್ಮ ಕೇಸ್ ನೋಡಿಕೊಳ್ಳುತ್ತಿದ್ದ ವಕೀಲರ ಕಚೇರಿಗೆ ಇಮೇಲ್ ಬರೆದು, ಇನ್ನೇನಾದರೂ ಮಾಡಬೇಕಾ ಅಂತ ಕೇಳಿದೆವು. "ವೀಸಾ 2024ರವರೆಗೆ ಇದೆ, ಹಳೇ ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ, ಸಾಕು" ಅಂತ ಉತ್ತರ ಬಂತು. ಐ-94 ಬಗ್ಗೆ ಒಂದು ಸಾಲೂ ಇರಲಿಲ್ಲ. ಇದೇ ಕೆಲಸಕ್ಕೆ ಫೀಸು ತಗೊಳ್ಳುವವರು ಮೊದಲು ನೋಡಬೇಕಾದದ್ದೇ ಅದು, ಅಲ್ವಾ?

ಗೊತ್ತಾಗಿದ್ದು ಡಿಎಂವಿಯಲ್ಲಿ, ಅಂದರೆ ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿಯಲ್ಲಿ. ಬೇರೆ ರಾಜ್ಯಕ್ಕೆ ಮನೆ ಬದಲಿಸಿದ್ದೆವು, ಹೊಸ ಲೈಸೆನ್ಸ್ ಮಾಡಿಸಲು ಹೋಗಿದ್ದೆ. ಕೌಂಟರಿನಲ್ಲಿದ್ದ ಹೆಂಗಸು ನನ್ನ ವಿವರ ಹಾಕಿ, ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, ಪಕ್ಕದವರನ್ನು ಕರೆದರು. ನಾನು ವೀಸಾ ಪುಟ ತೆರೆದು ಮುಂದಿಟ್ಟೆ. ಅವರು ಅದನ್ನು ನೋಡಲೇ ಇಲ್ಲ, ಐ-94 ತೋರಿಸಿ ಅಂದರು. ಅಲ್ಲೇ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಸಿಬಿಪಿ (ಅಮೆರಿಕದ ಗಡಿ ಮತ್ತು ಕಸ್ಟಮ್ಸ್ ಇಲಾಖೆ) ವೆಬ್‌ಸೈಟ್ ತೆರೆದೆ. 'ಅಡ್ಮಿಟ್ ಅನ್‌ಟಿಲ್ ಡೇಟ್' (ಎಲ್ಲಿಯವರೆಗೆ ಇರಬಹುದು) ಎಂಬಲ್ಲಿ ಮಾರ್ಚ್ ತಿಂಗಳ ತಾರೀಖಿತ್ತು. ಆಗಲೇ ಜೂನ್ ಬಂದಿತ್ತು. ಕೈಕಾಲು ತಣ್ಣಗಾದವು.

ಐ-94 ಮುಗಿದ ಮಾರನೇ ದಿನದಿಂದಲೇ ಅಕ್ರಮ ವಾಸದ ಲೆಕ್ಕ ಶುರುವಾಗುತ್ತದೆ. ಆ ಲೆಕ್ಕ 180 ದಿನ ದಾಟಿದ ಮೇಲೆ ದೇಶ ಬಿಟ್ಟರೆ 3 ವರ್ಷ ವಾಪಸ್ ಬರುವ ಹಾಗಿಲ್ಲ. ಒಂದು ವರ್ಷ ತುಂಬಿದ್ದರೆ 10 ವರ್ಷ. ಇದು 1996ರ ಕಾನೂನು. ನನ್ನದು 180 ದಿನದ ಒಳಗಿತ್ತು, ಅದೊಂದೇ ಸಮಾಧಾನ. ಬೇರೆ ವಕೀಲರನ್ನು ಹಿಡಿದೆವು. ತಡವಾದರೂ ವಾಸದ ಅವಧಿ ಮುಂದುವರಿಸಲು ಐ-539 ಅರ್ಜಿ ಹಾಕಬಹುದು, ಆದರೆ ಒಪ್ಪುವುದು ಬಿಡುವುದು ಸರ್ಕಾರದ ಇಷ್ಟ, ಒಪ್ಪದಿದ್ದರೆ ಅಷ್ಟರೊಳಗೆ 180 ದಿನ ದಾಟಿರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಹೊರಡುವುದೇ ಸರಿ ಅಂತ ತೀರ್ಮಾನ ಮಾಡಿದೆವು.

ಅವಧಿ ಮೀರಿ ಇದ್ದರೆ ವೀಸಾ ಸ್ಟಾಂಪ್ ಕೂಡ ತಾನಾಗೇ ರದ್ದಾಗುತ್ತದೆ. 2024ರವರೆಗೆ ಇದ್ದ ನನ್ನ ವೀಸಾ ಹೋಯಿತು. ಮತ್ತೆ ಅರ್ಜಿ, ಮತ್ತೆ ಸಂದರ್ಶನ, ಅಪಾಯಿಂಟ್‌ಮೆಂಟಿಗೆ ತಿಂಗಳುಗಟ್ಟಲೆ ಕಾಯುವುದು. ಮಗಳ ಶಾಲೆ ಬಿಡಿಸುವ ಹಾಗಿರಲಿಲ್ಲ, ಅವಳನ್ನು ಅಪ್ಪನ ಹತ್ತಿರ ಬಿಟ್ಟು ಬಂದೆ. ಅವಳ ಹೋಂವರ್ಕ್ ಎಲ್ಲ ವಿಡಿಯೋ ಕಾಲಿನಲ್ಲೇ ನೋಡಿದೆ, ನನಗೆ ನಡುರಾತ್ರಿ ಆಗಿದ್ದರೂ.

ದಯವಿಟ್ಟು ಬಂದಿಳಿದ ದಿನವೇ ಐ-94 ತೆಗೆದು ನೋಡಿ. ನಿಮ್ಮದೊಂದೇ ಅಲ್ಲ, ಮನೆಯವರೆಲ್ಲರದ್ದೂ. ಹೆಸರು, ತಾರೀಖು ತಪ್ಪಾಗಿ ಬಿದ್ದಿದ್ದರೆ ಸಿಬಿಪಿಯ 'ಡಿಫರ್ಡ್ ಇನ್‌ಸ್ಪೆಕ್ಷನ್' ಕಚೇರಿಯಲ್ಲಿ ಸರಿಪಡಿಸುತ್ತಾರೆ. ಪಾಸ್‌ಪೋರ್ಟ್ ಮುಗಿಯುತ್ತದೆ ಎಂದು ಕಮ್ಮಿ ಮಾಡಿದ್ದರೆ ಅದನ್ನು ತಪ್ಪು ಎಂದು ಒಪ್ಪದೆಯೂ ಇರಬಹುದು. ಆಗ ಆ ತಾರೀಖಿಗೆ ಮುಂಚೆಯೇ ಎಕ್ಸ್‌ಟೆನ್ಷನ್ ಹಾಕಬೇಕು, ಇಲ್ಲವೇ ಹೊಸ ಪಾಸ್‌ಪೋರ್ಟ್ ಹಿಡಿದು ಹೊರಗೆ ಹೋಗಿ ಬರಬೇಕು. ಪಾಸ್‌ಪೋರ್ಟ್ ಅವಧಿ ಕಮ್ಮಿ ಇದ್ದರೆ ಪ್ರಯಾಣಕ್ಕೆ ಮೊದಲೇ ಹೊಸದು ಮಾಡಿಸಿಬಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಎಚ್-4ನವರು ಇನ್ನೊಂದು ಗಮನಿಸಿ. ಗಂಡನದೋ ಹೆಂಡತಿಯದೋ ಎಚ್-1ಬಿ ಎಕ್ಸ್‌ಟೆನ್ಷನ್ ಆದರೆ ನಿಮ್ಮದು ತಾನಾಗೇ ಮುಂದಕ್ಕೆ ಹೋಗುವುದಿಲ್ಲ, ಐ-539 ಬೇರೆ ಹಾಕಬೇಕು. ಒಪ್ಪಿಗೆಯಾದರೆ ಬರುವ ಐ-797 ಕಾಗದದ ಕೆಳಗಡೆ ಹೊಸ ಐ-94 ಇರುತ್ತದೆ. ಆದರೆ ಆಮೇಲೆ ನೀವು ದೇಶ ಬಿಟ್ಟು ಮತ್ತೆ ಒಳಗೆ ಬಂದರೆ, ಬಂದ ದಿನ ಕೊಟ್ಟದ್ದೇ ಲೆಕ್ಕ.

ಅಪ್ಪ ಅಮ್ಮನ ವಿಷಯದಲ್ಲೂ ಅಷ್ಟೇ. 10 ವರ್ಷದ ಬಿ-2 (ಪ್ರವಾಸಿ) ವೀಸಾ ಇದ್ದರೂ ಒಂದು ಸಲಕ್ಕೆ ಸಾಮಾನ್ಯವಾಗಿ ಸಿಗುವುದು 6 ತಿಂಗಳು.

ವಕೀಲರಿಗೆ ಬರೆಯುವಾಗ "ನಮ್ಮ ವೀಸಾ ಸರಿ ಇದೆಯಾ" ಅಂತ ಸುಮ್ನೆ ಕೇಳಬೇಡಿ. "ನಮ್ಮ ಒಬ್ಬೊಬ್ಬರ ಐ-94 ಯಾವ ದಿನ ಮುಗಿಯುತ್ತದೆ" ಅಂತ ಕೇಳಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.