ಅಮೆಜಾನ್ ಪ್ರೈಮ್ ವಿಮರ್ಶೆ: ಫ್ರೀ ಡೆಲಿವರಿಯ ಬಿಲ್ ಕಟ್ಟುವವರು ಯಾರು?

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಡೆಲಿವರಿಗೆ 5ಕ್ಕೆ 5. ವಾಪಸ್ ತಗೊಳ್ಳುವ ವ್ಯವಸ್ಥೆಗೆ 4. ಹುಡುಕಿದ ವಸ್ತು ಸಿಗುವ ವಿಷಯದಲ್ಲಿ 2, ಅದೂ ಕನಿಕರದಿಂದ. ಒಂದೇ ಅಂಗಡಿಗೆ ಇಷ್ಟು ಏರುಪೇರು ಯಾಕೆ ಅಂದರೆ, ಅದು ದುಡ್ಡು ಮಾಡುವ ದಾರಿ ನೋಡಬೇಕು. ಹೆಚ್ಚಿನ ವಿಮರ್ಶೆಗಳು ಪ್ಯಾಕೆಟ್ ಎಷ್ಟು ಬೇಗ ಬಂತು, ವಿಡಿಯೊ ಹೇಗಿದೆ ಅನ್ನುವಲ್ಲೇ ನಿಂತುಬಿಡುತ್ತವೆ. ಪ್ರೈಮ್‌ನ ಒಳ್ಳೆಯದೂ ಕೆಟ್ಟದ್ದೂ ಹುಟ್ಟಿದ್ದು ಒಂದೇ ಲೆಕ್ಕದ ಪುಸ್ತಕದಲ್ಲಿ.

2005ರ ಫೆಬ್ರವರಿಯಲ್ಲಿ ಪ್ರೈಮ್ ಅನ್ನುವ ಈ ಸದಸ್ಯತ್ವ ಶುರುವಾದಾಗ ಅಮೆರಿಕದಲ್ಲಿ ವರ್ಷಕ್ಕೆ 79 ಡಾಲರ್. ಎರಡು ದಿನದಲ್ಲಿ ಡೆಲಿವರಿ, ಎಷ್ಟು ಸಲ ಬೇಕಾದರೂ. ಅಷ್ಟೇ. ವಿಡಿಯೊ ಸೇರಿದ್ದು 2011ರಲ್ಲಿ. ಶುಲ್ಕ 2014ರಲ್ಲಿ 99, 2018ರಲ್ಲಿ 119, 2022ರಲ್ಲಿ 139 ಡಾಲರ್ ಆಯಿತು. 2024ರ ಜನವರಿಯಿಂದ ಅಲ್ಲಿ ವಿಡಿಯೊ ಮಧ್ಯೆ ಜಾಹೀರಾತು ಬೇರೆ ಬಂತು, ಅದು ಬೇಡ ಅಂದರೆ ತಿಂಗಳಿಗೆ ಇನ್ನೂ 2.99 ಡಾಲರ್ ಕೊಡಿ ಅಂದರು. ಬೆಲೆ ಏರಿದ್ದರಲ್ಲಿ ಆಶ್ಚರ್ಯ ಇಲ್ಲ. ಏರಿದಾಗಲೂ ಜನ ಬಿಟ್ಟು ಹೋಗಲಿಲ್ಲ ನೋಡಿ, ಅಲ್ಲಿರುವುದು ನಿಜವಾದ ಜಾಣತನ. 2021ರ ಹೊತ್ತಿಗೆ ಜಗತ್ತಿನಲ್ಲಿ ಸದಸ್ಯರು 20 ಕೋಟಿ ದಾಟಿದ್ದರು. ವರ್ಷದ ದುಡ್ಡು ಒಮ್ಮೆ ಕೊಟ್ಟ ಮೇಲೆ ನಮ್ಮ ತಲೆ ಬೇರೆ ಥರ ಓಡುತ್ತದೆ. ಕೊಟ್ಟದ್ದು ವಸೂಲಾಗಬೇಕಲ್ಲ! ಇನ್ನೊಂದು ಸೈಟಿನಲ್ಲಿ ಅದೇ ವಸ್ತು ಸ್ವಲ್ಪ ಕಡಿಮೆಗೆ ಇರಬಹುದು, ಆದರೆ ಅಲ್ಲಿ ಮತ್ತೆ ವಿಳಾಸ ಹಾಕಬೇಕು, ಕಾರ್ಡ್ ನಂಬರ್ ಹಾಕಬೇಕು, ಶಿಪ್ಪಿಂಗ್ ಚಾರ್ಜ್ ನೋಡಬೇಕು, ಸುಮ್ನೆ ಯಾಕೆ ತಲೆನೋವು ಅಂತ ಇಲ್ಲೇ ಒತ್ತಿಬಿಡುತ್ತೇವೆ. ಬೆಲೆ ಹೋಲಿಸುವ ಅಭ್ಯಾಸ ಮೆಲ್ಲಗೆ ತಪ್ಪಿಹೋಗುತ್ತದೆ.

ಈಗ ಬಿಲ್ ವಿಷಯ. 2023ರಲ್ಲಿ ಅಮೆಜಾನ್ ಶಿಪ್ಪಿಂಗ್‌ಗೆ ಖರ್ಚು ಮಾಡಿದ್ದು ಸುಮಾರು 8,950 ಕೋಟಿ ಡಾಲರ್. ಪ್ರೈಮ್ ಸೇರಿ ಎಲ್ಲ ಚಂದಾಗಳಿಂದ ಬಂದದ್ದು 4,020 ಕೋಟಿ. ಅರ್ಧಕ್ಕೂ ಸಾಲದು. ಆದರೆ ಅದೇ ವರ್ಷ ಜಾಹೀರಾತಿನಿಂದ 4,690 ಕೋಟಿ ಬಂತು. ಎರಡನ್ನೂ ಕೂಡಿಸಿ ನೋಡಿ, ಶಿಪ್ಪಿಂಗ್ ಖರ್ಚಿನ ಹತ್ತಿರ ಹತ್ತಿರ ಬರುತ್ತದೆ. ಲೆಕ್ಕಪತ್ರದಲ್ಲಿ ಇವಕ್ಕೆ ಹೀಗೆ ಗಂಟು ಹಾಕಿಲ್ಲ, ಇದು ನಾನು ಮಾಡಿದ ಕೂಡಿಕೆ. ಇದರ ಮೇಲೆ ಅಮೆಜಾನ್ ಪುಟದಲ್ಲಿ ಮಾರುವ ಹೊರಗಿನ ಸೆಲ್ಲರ್‌ಗಳಿಂದ ಕಮಿಷನ್, ಗೋದಾಮಿನ ಬಾಡಿಗೆ, ಪ್ಯಾಕಿಂಗ್ ಶುಲ್ಕ ಅಂತ 14,000 ಕೋಟಿ ಡಾಲರ್ ಬಂದಿದೆ. ಇನ್ನೊಂದು ಕಡೆ 2006ರಲ್ಲಿ ಶುರು ಮಾಡಿದ ಕ್ಲೌಡ್ ವ್ಯಾಪಾರ ಇದೆ, ಅಂದರೆ ಬೇರೆ ಕಂಪನಿಗಳಿಗೆ ಇಂಟರ್ನೆಟ್ ಮೂಲಕ ಕಂಪ್ಯೂಟರ್‌ಗಳನ್ನು ಬಾಡಿಗೆಗೆ ಕೊಡುವುದು. 2023ರಲ್ಲಿ ಕಂಪನಿಯ ಕಾರ್ಯಾಚರಣೆ ಲಾಭದ (ಬಡ್ಡಿ, ತೆರಿಗೆ ಕಳೆಯುವ ಮೊದಲಿನ ಲಾಭ) ಮೂರನೇ ಎರಡು ಭಾಗ ಬಂದದ್ದು ಅಲ್ಲಿಂದ. ಬರೀ ಸಾಮಾನು ಮಾರಿ ಬದುಕುವ ಅಂಗಡಿ ಇದರ ಜೊತೆ ಬೆಲೆಯಲ್ಲಿ ಹೇಗೆ ಪೈಪೋಟಿ ಮಾಡಬೇಕು ಹೇಳಿ?

ಸೆಲ್ಲರ್‌ಗಳ ಕಥೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ನಾವು ಕಾರ್ಟ್‌ಗೆ ಹಾಕುವುದರಲ್ಲಿ ಜಾಸ್ತಿ ಪಾಲು ಅವರದ್ದೇ. 2000ದಲ್ಲಿ ಅಮೆಜಾನ್ ಬೇರೆಯವರಿಗೂ ತನ್ನ ಪುಟದಲ್ಲೇ ಮಾರಲು ಬಿಟ್ಟಿತು. ಈಗ ಮಾರಾಟವಾಗುವ ವಸ್ತುಗಳಲ್ಲಿ ಸುಮಾರು ಶೇ 60 ಈ ಹೊರಗಿನ ಸೆಲ್ಲರ್‌ಗಳದ್ದು. 2006ರಿಂದ ಅವರು ಸರಕನ್ನು ಅಮೆಜಾನ್ ಗೋದಾಮಿನಲ್ಲೇ ಇಡಬಹುದು, ಪ್ಯಾಕ್ ಮಾಡಿ ಕಳಿಸುವ ಕೆಲಸ ಕಂಪನಿಯದ್ದು. ಕೊಳ್ಳುವವರಿಗೆ ಇದು ನಿಜಕ್ಕೂ ಒಳ್ಳೆಯದು. ಹೆಸರೇ ಕೇಳದ ಸೆಲ್ಲರ್ ಆದರೂ ಪ್ಯಾಕೆಟ್ ಹೇಳಿದ ದಿನ ಬರುತ್ತದೆ, ಹಾಳಾಗಿದ್ದರೆ ವಾಪಸ್ ಹೋಗುತ್ತದೆ. ಸೆಲ್ಲರ್ ಕಡೆಯಿಂದ ನೋಡಿದರೆ ಬೇರೆ ಚಿತ್ರ. ಪ್ರೈಮ್ ಗುರುತು ಇಲ್ಲದಿದ್ದರೆ ಗಿರಾಕಿ ತಿರುಗಿ ನೋಡುವುದಿಲ್ಲ. ಆ ಗುರುತು ಸಿಗಬೇಕಾದರೆ ಸುಲಭದ ದಾರಿ ಅವರ ಗೋದಾಮು. ಒಂದೇ ವಸ್ತುವನ್ನು ಹತ್ತು ಜನ ಮಾರುತ್ತಿದ್ದರೂ 'ಕಾರ್ಟ್‌ಗೆ ಸೇರಿಸಿ' ಬಟನ್ ಒಬ್ಬರಿಗೆ ಮಾತ್ರ. ಅದನ್ನು ಬೈ ಬಾಕ್ಸ್ ಅನ್ನುತ್ತಾರೆ, ಸೆಲ್ಲರ್‌ಗಳ ನಿದ್ದೆ ಕೆಡಿಸುವುದು ಅದೇ.

ವ್ಯಾಪಾರದಲ್ಲಿ ಪೈಪೋಟಿ ಮತ್ತು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರ ಸೆಪ್ಟೆಂಬರ್‌ನಲ್ಲಿ 17 ರಾಜ್ಯಗಳ ಜೊತೆ ಸೇರಿ ಅಮೆಜಾನ್ ಮೇಲೆ ಕೇಸು ಹಾಕಿತು. ಬೇರೆ ಕಡೆ ಕಡಿಮೆಗೆ ಮಾರಿದ ಸೆಲ್ಲರ್ ಹುಡುಕಾಟದಲ್ಲಿ ಕೆಳಗೆ ಹೋಗುತ್ತಾನೆ, ಎಲ್ಲ ಶುಲ್ಕ ಸೇರಿದರೆ ಮಾರಾಟದ ಹೆಚ್ಚುಕಮ್ಮಿ ಅರ್ಧ ಕಂಪನಿಗೇ ಹೋಗುತ್ತದೆ ಅನ್ನುವುದು ಅದರಲ್ಲಿರುವ ಆರೋಪ. ಕಂಪನಿ ಒಪ್ಪಿಲ್ಲ. ಆರೋಪ ಸರಿ ಅಂತ ಇಟ್ಟುಕೊಂಡರೆ ಆಗುವುದು ಇಷ್ಟು: ಸೆಲ್ಲರ್ ಆ ಶುಲ್ಕವನ್ನು ವಸ್ತುವಿನ ಬೆಲೆಗೆ ಸೇರಿಸುತ್ತಾನೆ, ತನ್ನದೇ ಸೈಟಿನಲ್ಲೂ ಬೆಲೆ ಇಳಿಸುವುದಕ್ಕೆ ಹೆದರುತ್ತಾನೆ. ಪ್ರೈಮ್ ತಗೊಳ್ಳದವರೂ ಪ್ರೈಮ್ ಖರ್ಚಿನಲ್ಲಿ ಪಾಲು ಕೊಟ್ಟ ಹಾಗೆ.

ಹುಡುಕಾಟಕ್ಕೆ 2 ಕೊಟ್ಟದ್ದೂ ಇದಕ್ಕೇ. ಒಂದು ಸಾಮಾನ್ಯ ವಸ್ತು ಹುಡುಕಿ, ಮೇಲಿನ ಸಾಲು ಸ್ಪಾನ್ಸರ್ಡ್ (ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು), ಮಧ್ಯೆ ಮತ್ತೆ ಸ್ಪಾನ್ಸರ್ಡ್. ನಾವು ಕೇಳಿದ್ದಕ್ಕೆ ಉತ್ತರ ಕೊಡಬೇಕಾದ ಜಾಗವನ್ನು ಹರಾಜು ಹಾಕಿದ್ದಾರೆ. ಯಾರು ಹೆಚ್ಚು ಕೂಗಿದರೋ ಅವರ ವಸ್ತು ಮೊದಲು. ಜಾಹೀರಾತಿನ ದುಡ್ಡಲ್ಲಿ ಲಾಭ ಜಾಸ್ತಿ, ಡಬ್ಬ ಹೊತ್ತು ಸಾಗಿಸುವುದರಲ್ಲಿ ಕಡಿಮೆ. ಹೀಗಿರುವಾಗ ಇದು ತಾನಾಗಿ ಸರಿಹೋಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಬೇರೆಯವರೇನು ಕಮ್ಮಿ ಅಂತ ಕೇಳಬಹುದು. ಕಮ್ಮಿ ಇಲ್ಲ, ದಾರಿ ಬೇರೆ. ಚೀನಾದ ಅಲಿಬಾಬಾ ಕಂಪನಿ 2003ರಲ್ಲಿ ಟಾವೊಬಾವೊ ಅನ್ನುವ ಆನ್‌ಲೈನ್ ಮಾರುಕಟ್ಟೆ ಶುರು ಮಾಡಿದಾಗ ಸೆಲ್ಲರ್‌ಗಳಿಂದ ಲಿಸ್ಟಿಂಗ್ ಶುಲ್ಕವನ್ನೇ (ವಸ್ತುವನ್ನು ಸೈಟಿಗೆ ಹಾಕುವ ಶುಲ್ಕ) ತಗೊಳ್ಳಲಿಲ್ಲ. ಕೊಳ್ಳುವವರು ವಸ್ತು ಕೈಗೆ ಬಂತು ಅನ್ನುವವರೆಗೆ ಅದರ ಪಾವತಿ ಸೇವೆ ಅಲಿಪೇ ದುಡ್ಡನ್ನು ಹಿಡಿದಿಟ್ಟುಕೊಂಡಿತು. ಶುಲ್ಕ ಕೇಳುತ್ತಿದ್ದ ಅಮೆರಿಕದ ಆನ್‌ಲೈನ್ ಮಾರುಕಟ್ಟೆ ಇಬೇ 2006ರಲ್ಲಿ ಚೀನಾದ ತನ್ನ ಸೈಟು ಮುಚ್ಚಿತು. ಆದರೆ ಟಾವೊಬಾವೊ ಕೂಡ ದುಡ್ಡು ಮಾಡಿದ್ದು ಹುಡುಕಾಟದ ಜಾಗ ಮಾರಿಯೇ! ಚೀನಾದ ಇನ್ನೊಂದು ಆನ್‌ಲೈನ್ ಅಂಗಡಿ ಜೆಡಿ ಉಲ್ಟಾ, ತಾನೇ ಸರಕು ಕೊಂಡು 2007ರಿಂದ ತನ್ನದೇ ಡೆಲಿವರಿ ಜಾಲ ಕಟ್ಟಿತು. ಆಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಚೀನಾದ ಸರಕು ಮಾರುವ ಟೆಮು ಆ್ಯಪ್ ಅಮೆರಿಕಕ್ಕೆ ಬಂತು. ನಿಧಾನಕ್ಕೆ ಬರುತ್ತದೆ, ಆದರೆ ನಂಬಲಾಗದಷ್ಟು ಅಗ್ಗ. ಕಾರ್ಖಾನೆಯಿಂದ ನೇರ ಪಾರ್ಸೆಲ್, 800 ಡಾಲರ್ ಒಳಗಿದ್ದರೆ ಅಮೆರಿಕದಲ್ಲಿ ಸುಂಕ ಇಲ್ಲ ಅನ್ನುವ ಆಗಿನ ನಿಯಮದ ಮೇಲೆ ನಿಂತಿದ್ದ ಆಟ ಅದು. ಚೀನಾದ ಪಾರ್ಸೆಲ್‌ಗಳಿಗೆ ಆ ವಿನಾಯಿತಿ 2025ರ ಮೇ ತಿಂಗಳಲ್ಲಿ ಹೋಯಿತು. ನನಗೆ ತಮಾಷೆ ಅನ್ನಿಸಿದ್ದು ಇದು: ಎರಡು ದಿನದ ಡೆಲಿವರಿಯಿಂದ ಹೆಸರು ಮಾಡಿದ ಅಮೆಜಾನ್ 2024ರ ನವೆಂಬರ್‌ನಲ್ಲಿ ಹಾಲ್ (Haul) ಅನ್ನುವ ಅಗ್ಗದ ವಿಭಾಗ ತೆರೆದು, ಒಂದೆರಡು ವಾರ ಕಾಯಿರಿ ಅಂತ ಗಿರಾಕಿಗಳಿಗೆ ಹೇಳಿತು. ಕಡಿಮೆ ಬೆಲೆ ಇದ್ದರೆ ಜನ ಕಾಯುತ್ತಾರೆ ಅನ್ನುವುದು ಅವರಿಗೂ ಗೊತ್ತು ಅಂತಾಯಿತು.

ಪ್ರೈಮ್ ಬಿಡುವ ವಿಷಯಕ್ಕೆ ಬರೋಣ. ಫೆಡರಲ್ ಟ್ರೇಡ್ ಕಮಿಷನ್‌ನ ಇನ್ನೊಂದು ಕೇಸಿನ ಪ್ರಕಾರ ರದ್ದು ಮಾಡಲು 4 ಪುಟ, 6 ಕ್ಲಿಕ್, 15 ಆಯ್ಕೆ ದಾಟಬೇಕಿತ್ತು. ಕಂಪನಿಯ ಒಳಗೆ ಆ ದಾರಿಗೆ ಒಂದು ಉದ್ದದ ಗ್ರೀಕ್ ಮಹಾಕಾವ್ಯದ ಹೆಸರಿಟ್ಟಿದ್ದರಂತೆ. ಇಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು ಅಂತ ಒಪ್ಪಲೇಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆ 250 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅದರಲ್ಲಿ 150 ಕೋಟಿ ಡಾಲರ್ ಗಿರಾಕಿಗಳಿಗೆ ವಾಪಸ್ ಕೊಡಲು ಒಪ್ಪಿತು. ಸೇರಿದ ದಾರಿಯಲ್ಲೇ ಸುಲಭವಾಗಿ ಬಿಡುವ ವ್ಯವಸ್ಥೆ ಮಾಡುವುದಕ್ಕೂ ಒಪ್ಪಿತು.

ಹಾಗಾದರೆ ತಗೊಳ್ಳಬೇಕಾ? ಏನು ಬೇಕು ಅಂತ ಮೊದಲೇ ಗೊತ್ತಿರುವವರು, ಪದೇ ಪದೇ ಅದೇ ವಸ್ತು ತರಿಸುವವರು, ಅಂಗಡಿಗೆ ಹೋಗಿಬರಲು ಕಷ್ಟ ಇರುವವರು ಧಾರಾಳವಾಗಿ ತಗೊಳ್ಳಿ. ಅವರು ಹುಡುಕಾಟದ ಗೋಜಿಗೇ ಹೋಗುವುದಿಲ್ಲ, ಹಳೆಯ ಆರ್ಡರ್ ತೆರೆದು ಮತ್ತೆ ಒತ್ತಿದರೆ ಮುಗಿಯಿತು. ಅಪರೂಪಕ್ಕೆ ಕೊಳ್ಳುವವರಿಗೆ ಬೇಡ. ಒಂದು ಮೊತ್ತ ದಾಟಿದರೆ ಸದಸ್ಯತ್ವ ಇಲ್ಲದೆಯೂ ಫ್ರೀ ಶಿಪ್ಪಿಂಗ್ ಕೊಡುವ ಪದ್ಧತಿ ಪ್ರೈಮ್‌ಗಿಂತ ಹಳೆಯದು, ಅಮೆರಿಕದಲ್ಲಿ 2002ರಲ್ಲೇ ಶುರುವಾಗಿತ್ತು. ನಾಲ್ಕು ದಿನ ಕಾರ್ಟ್‌ನಲ್ಲಿ ಬಿಟ್ಟರೆ ಅರ್ಧ ವಸ್ತು ಬೇಡವೇ ಬೇಡ ಅನ್ನಿಸುವುದೂ ಉಂಟು. ನಡುವೆ ಇರುವವರು ಜಾಸ್ತಿ ಖರೀದಿ ಇರುವ ಒಂದು ತಿಂಗಳಿಗೆ ಮಾತ್ರ ತಗೊಂಡು, ಆಟೋ ರಿನ್ಯೂವಲ್ ಅನ್ನು ಅವತ್ತೇ ಆಫ್ ಮಾಡಿ. ದುಡ್ಡು ಕೊಟ್ಟ ಅವಧಿ ಮುಗಿಯುವವರೆಗೆ ಸೇವೆ ಹೇಗೂ ಇದ್ದೇ ಇರುತ್ತದೆ.