ಬಚ್ಚಲಿನ ಒಳಗೆ ಗ್ಯಾಸ್ ಗೀಸರ್ ಬೇಡವೇ ಬೇಡ

ಬಾಡಿಗೆ ಮನೆ ಹುಡುಕುತ್ತಿರುವವರು, ಹೊಸ ಗೀಸರ್ ಹಾಕಿಸುವವರು ದಯವಿಟ್ಟು ಇದನ್ನು ಓದಿ. ಕಳೆದ ಡಿಸೆಂಬರಿನಲ್ಲಿ ಮೈಸೂರಿನಲ್ಲಿ ನನ್ನ ಅಕ್ಕ ಸ್ನಾನಕ್ಕೆ ಹೋದವಳು ಬಚ್ಚಲಲ್ಲೇ ಕುಸಿದು ಬಿದ್ದಳು. ಕೂಗಿದರೆ ಉತ್ತರವಿಲ್ಲ. ಭಾವ ಚಿಲಕ ಮುರಿದು ಎತ್ತಿಕೊಂಡು ಬಂದರು.

ಮನೆ ಮಾಲೀಕರು ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೇ ಹಾಕಿಸಿದ್ದರು. ಇರುವುದು ಒಂದು ಪುಟ್ಟ ಕಿಟಕಿ, ಅದಕ್ಕೂ ತೆರೆಯಲಾಗದ ಗಾಜು. ಅವತ್ತು ಮಕ್ಕಳ ಸ್ನಾನ ಮುಗಿದ ಕೂಡಲೇ ಅಕ್ಕ ಹೋಗಿದ್ದಳು. ಗೀಸರ್ ಬಿಡುವಿಲ್ಲದೆ ಉರಿದಿತ್ತು. ಗಾಳಿ ಸಾಲದಿದ್ದರೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಹಳೇ ಬಚ್ಚಲುಮನೆಯ ಹಂಡೆ ಒಲೆಯಾದರೆ ಹೊಗೆಗೆ ಕಣ್ಣುರಿದು ನಾವೇ ಹೊರಗೆ ಓಡುತ್ತಿದ್ದೆವು. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಸಿಲಿಂಡರ್ ಲೀಕ್ ಆದರೆ ಬರುವ ವಾಸನೆಯೇ ಬೇರೆ, ಅದು ನಮ್ಮನ್ನು ಎಚ್ಚರಿಸಲೆಂದೇ ಗ್ಯಾಸಿಗೆ ಸೇರಿಸಿದ್ದು. ಇಲ್ಲಿ ತಲೆ ಭಾರವಾಗುತ್ತದೆ, ವಾಕರಿಕೆ ಬರುತ್ತದೆ, ಕಾಲಲ್ಲಿ ಶಕ್ತಿ ಹೋಗುತ್ತದೆ. ಬಾಗಿಲು ತೆಗೆಯುವಷ್ಟು ಹೊತ್ತೂ ಸಿಗದೇ ಇರಬಹುದು.

ಆಸ್ಪತ್ರೆಯಲ್ಲಿ ಬೆರಳಿನ ಕ್ಲಿಪ್ ಆಕ್ಸಿಜನ್ 98 ಅಂತ ತೋರಿಸುತ್ತಿತ್ತು! ರಕ್ತಕ್ಕೆ ಅಂಟಿರುವುದು ಆಕ್ಸಿಜನ್ನೋ ಈ ವಿಷವೋ ಎಂದು ಆ ಕ್ಲಿಪ್ಪಿಗೆ ತಿಳಿಯುವುದಿಲ್ಲವಂತೆ. ವಿಷ ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟುತ್ತದೆ. "ಮನೇಲಿ ಗ್ಯಾಸ್ ಗೀಸರ್ ಇದೆಯಾ?" ಎಂದು ಡಾಕ್ಟರ್ ಕೇಳಿದ್ದೇ ಅಕ್ಕನ ಪುಣ್ಯ. ರಕ್ತ ಪರೀಕ್ಷೆ ಮಾಡಿಸಿ, ಗಂಟೆಗಟ್ಟಲೆ ಮಾಸ್ಕ್‌ನಲ್ಲಿ ಆಕ್ಸಿಜನ್ ಕೊಟ್ಟರು. ಈಗ ಹುಷಾರಾಗಿದ್ದಾಳೆ.

"ಎಕ್ಸಾಸ್ಟ್ ಫ್ಯಾನ್ ಹಾಕಿಸ್ತೀನಿ ಬಿಡಿ" ಎಂದರು ಮಾಲೀಕರು. ನಾವು ಒಪ್ಪಲಿಲ್ಲ. ಬಾಗಿಲು ಮುಚ್ಚಿದ ಬಚ್ಚಲಿಗೆ ಹೊಸ ಗಾಳಿ ಬರಲು ದಾರಿಯೇ ಇಲ್ಲದಿದ್ದರೆ ಫ್ಯಾನ್ ಏನು ಮಾಡೀತು? ಗ್ಯಾಸ್ ಗೀಸರೇ ಬೇಕಿದ್ದರೆ ಅದು ಬಯಲು ಗಾಳಿಯಾಡುವ ಹೊರಗೋಡೆಯ ಮೇಲಿರಬೇಕು. ಬಚ್ಚಲಿಗೆ ಬಿಸಿನೀರಿನ ಪೈಪ್ ಮಾತ್ರ ಬರಬೇಕು.

ಈಗ ಅಲ್ಲಿ 15 ಲೀಟರಿನ ಕರೆಂಟ್ ಗೀಸರ್ ಇದೆ. ಟ್ಯಾಂಕ್ ಇಲ್ಲದ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ತೊಗೊಳ್ಳಿ ಎಂದು ಅಂಗಡಿಯಲ್ಲಿ ಹೇಳಿದರು. ಆದರೆ ನಿಮಿಷಕ್ಕೆ 2 ಲೀಟರ್ ಹರಿದರೆ ಅದು ನೀರನ್ನು ಸುಮಾರು 20 ಡಿಗ್ರಿ ಏರಿಸುತ್ತದೆ, ಅಷ್ಟೇ. ಪಾತ್ರೆ ತೊಳೆಯಲು ಸಾಕು, ಶವರಿಗೆ ಸಾಲದು. ಟ್ಯಾಂಕ್ ಇರುವುದಾದರೆ 20 ನಿಮಿಷ ಮೊದಲೇ ಸ್ವಿಚ್ ಹಾಕಬೇಕು. ಕಾಯಬಹುದು, ಅಲ್ವಾ?

ಮನೆಯಲ್ಲಿ ಯಾರಾದರೂ ಬಚ್ಚಲಿನಿಂದ ಉತ್ತರ ಕೊಡದಿದ್ದರೆ ಸುಮ್ನೆ ಕಾಯಬೇಡಿ. ಬಾಗಿಲು ಒಡೆಯಿರಿ, ಗ್ಯಾಸ್ ಬಂದ್ ಮಾಡಿ, ಅವರನ್ನು ಬಯಲಿಗೆ ತನ್ನಿ, 108ಕ್ಕೆ ಫೋನ್ ಮಾಡಿ. ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿ.